ಸ್ಕೂಬಾ ಸಾಮಾನು ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೋಟ್‌ನಲ್ಲಿ ಒಂದು, ಒಂದೂವರೆ ಗಂಟೆ ದಾರಿ. ಅಲ್ಲಿವರೆಗೆ ಹೋಗಿ, ಸೂಟ್ ಏರಿಸಿಕೊಂಡು, ಇನ್ನೇನು ನೀರಿಗೆ ಬೀಳಬೇಕು ಅನ್ನುವಾಗ ಫಿನ್‌ನ (ಕಾಲಿಗೆ ಹಾಕುವ ಈಜುರೆಕ್ಕೆಯ) ಪಟ್ಟಿ ಪಟ್ ಅಂತ ಕಿತ್ತು ಬರುತ್ತದೆ. ದಡ ಇರುವುದು ಸುಮಾರು 19 ಕಿಲೋಮೀಟರ್ ಆಚೆ. ಆಗ ಎಲ್ಲರ ಕಣ್ಣೂ ಒಂದು ತುಂಡು ಹಗ್ಗ ಎಲ್ಲಿದೆ ಅಂತ ಹುಡುಕುತ್ತದೆ. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನುವುದು ನಮ್ಮ ರಕ್ತದಲ್ಲೇ ಇದೆಯಲ್ಲ.

ಅದು ನೀರೊಳಗೆ ಎಷ್ಟು ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅನ್ನುವುದರ ಮೇಲೆ ಬೋಟ್‌ನಲ್ಲಿ, ಚಹಾ ಅಂಗಡಿಯಲ್ಲಿ, ಮೆಸೇಜ್‌ಗಳಲ್ಲಿ ಜನ ನನ್ನನ್ನು ಕೇಳಿದ್ದನ್ನು ಇಲ್ಲಿ ಒಟ್ಟುಹಾಕಿದ್ದೇನೆ. ಪ್ರಶ್ನೆಗಳು ಅವರದೇ ಮಾತಿನಲ್ಲಿವೆ. ಇದನ್ನು ಓದಿ ಡೈವಿಂಗ್ ಕಲಿಯಲು ಆಗುವುದಿಲ್ಲ. ಅದಕ್ಕೆ ಕೋರ್ಸ್ ಮಾಡಲೇಬೇಕು.

## ಮೊದಲ ಸಲ ಇಳಿಯುವವರು ಕೇಳುವುದು

ಸರ್, ನಂಗೆ ಈಜೇ ಬರಲ್ಲ. ಸಾಮಾನು ಸರಿ ಇದ್ಯಾ ಅಂತ ನಾನು ಹೇಗೆ ನೋಡೋದು?

ಮೊದಲ ಸಲದವರ ಸಾಮಾನನ್ನು ಇನ್‌ಸ್ಟ್ರಕ್ಟರ್ ನೋಡುತ್ತಾರೆ, ನೀರಲ್ಲಿ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ. ಆದರೂ ಒಂದು ಪರೀಕ್ಷೆ ನೀವೇ ಮಾಡಬಹುದು. ಟ್ಯಾಂಕ್‌ನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಮಾನಿಗೆ ರೆಗ್ಯುಲೇಟರ್ ಅನ್ನುತ್ತಾರೆ. ಅದನ್ನು ಬಾಯಿಗಿಟ್ಟು ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಕಣ್ಣು ಮಾತ್ರ ಗೇಜ್ ಮೇಲಿರಲಿ. ತುಂಬಿದ ಟ್ಯಾಂಕ್ ಸುಮಾರು 200 ಬಾರ್ (ಒತ್ತಡದ ಅಳತೆ) ತೋರಿಸುತ್ತದೆ. ನೀವು ಎಳೆದಾಗ ಮುಳ್ಳು ಅಲುಗದೆ ನಿಂತರೆ ಸರಿ. ಎಳೆದಾಗಲೆಲ್ಲ ಕೆಳಗಿಳಿದು ಮತ್ತೆ ಮೇಲೇರಿದರೆ ಟ್ಯಾಂಕ್ ವಾಲ್ವ್ ಅರೆಬರೆ ತೆರೆದಿದೆ ಅಂತ ಅರ್ಥ. ಬೋಟ್ ಮೇಲೆ ಅದರಲ್ಲೂ ಉಸಿರಾಡಬಹುದು, ಆಳಕ್ಕೆ ಹೋದ ಮೇಲೆ ಗಾಳಿ ಸಾಲುವುದಿಲ್ಲ. ಕೂಡಲೇ ಹೇಳಿ. ಇದಕ್ಕೆಲ್ಲ ನಾಚಿಕೆ ಪಡಬೇಡಿ.

ಮಾಸ್ಕ್‌ಗೂ ಒಂದು ಪರೀಕ್ಷೆ ಇದೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಮುಖದ ಅಳತೆಯದು.

ಸಿಲಿಂಡರ್‌ನಲ್ಲಿ ಇರೋದು ಆಕ್ಸಿಜನ್ ತಾನೇ?

ಅಲ್ಲ. ನಾವು ಈಗ ಉಸಿರಾಡುತ್ತಿರುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಟ್ಯಾಂಕ್‌ನ ಒಳಗೆ 11.1 ಲೀಟರ್ ಜಾಗ. 200 ಬಾರ್ ಒತ್ತಿದರೆ ಅದರಲ್ಲಿ ಸುಮಾರು 2,200 ಲೀಟರ್ ಗಾಳಿ ಕೂರುತ್ತದೆ. ಆ ಗಾಳಿಯ ತೂಕವೇ ಎರಡೂವರೆ ಕಿಲೋ ಮೇಲೆ. ಈ ತೂಕದ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ರೆಗ್ಯುಲೇಟರ್ ಕೆಟ್ಟರೆ ಗಾಳಿ ನಿಂತೇ ಹೋಗುತ್ತಾ? ನಂಗೆ ಅದೇ ಭಯ.

ಹೆಚ್ಚಿನ ಸಲ ಆಗುವುದು ಇದರ ಉಲ್ಟಾ. ಗಾಳಿ ನಿಲ್ಲುವುದಿಲ್ಲ, ಬಿಡದೆ ಸುರಿಯುತ್ತದೆ. ಟ್ಯಾಂಕ್ ಮೇಲೆ ಕೂರುವ ಭಾಗ 200 ಬಾರ್ ಒತ್ತಡವನ್ನು ಸುಮಾರು 10 ಬಾರ್‌ಗೆ ಇಳಿಸುತ್ತದೆ. ಬಾಯಲ್ಲಿರುವ ಭಾಗ ನೀವು ಎಳೆದಾಗ ಮಾತ್ರ ತೆರೆದುಕೊಳ್ಳುತ್ತದೆ. ಈ ಎರಡನೇ ವಾಲ್ವ್ ಅನ್ನು ಮುಚ್ಚಿ ಹಿಡಿಯುವುದು ಸ್ಪ್ರಿಂಗ್, ತೆರೆಯಲು ನೂಕುವುದು ಗಾಳಿ. ಏನಾದರೂ ಎಡವಟ್ಟಾದರೆ ಗಾಳಿಯೇ ಗೆಲ್ಲಲಿ ಅಂತ ಹಾಗೆ ಮಾಡಿದ್ದಾರೆ.

ಈ ಯಂತ್ರ ಹುಟ್ಟಿದ್ದೂ ಒಂದು ಅಡ್ಜಸ್ಟ್‌ಮೆಂಟ್‌ನಿಂದಲೇ. ಎರಡನೇ ಮಹಾಯುದ್ಧದ ಹೊತ್ತಿನ ಪ್ಯಾರಿಸ್‌ನಲ್ಲಿ ಪೆಟ್ರೋಲ್ ಸಿಗುತ್ತಿರಲಿಲ್ಲ. ಕಾರನ್ನು ಗ್ಯಾಸ್‌ನಿಂದ ಓಡಿಸಲು ಎಂಜಿನಿಯರ್ ಎಮಿಲ್ ಗಾನ್ಯಾ ಒಂದು ವಾಲ್ವ್ ತಯಾರಿಸಿದ್ದ. ಅದನ್ನೇ ಇಟ್ಟುಕೊಂಡು ಅವನೂ ಫ್ರೆಂಚ್ ನೌಕಾಪಡೆಯ ಜಾಕ್ ಕುಸ್ಟೋ ಕೂಡ 1943ರಲ್ಲಿ ಅಕ್ವಾಲಂಗ್ ಅನ್ನುವ ಉಸಿರಾಟದ ಸಾಮಾನು ಮಾಡಿದರು. ಮಾರ್ನ್ ನದಿಯಲ್ಲಿ ಮೊದಲು ಇಳಿದಾಗ ಅದು ಸರಿಯಾಗಿ ನಡೆಯಲಿಲ್ಲ. ನೆಟ್ಟಗಿದ್ದರೆ ಗಾಳಿ ಪೋಲು, ತಲೆಕೆಳಗಾದರೆ ಎಳೆಯುವುದೇ ಕಷ್ಟ. ಗಾಳಿ ಒಳಬರುವ ಜಾಗವನ್ನೂ ಹೊರಹೋಗುವ ಜಾಗವನ್ನೂ ಒಂದೇ ಮಟ್ಟಕ್ಕೆ ತಂದ ಮೇಲೆ ಸರಿಹೋಯಿತು. ಒಂದು ಗೇಣು ನೀರಿನ ಒತ್ತಡಕ್ಕೇ ಅಷ್ಟು ವ್ಯತ್ಯಾಸ.

## ಬೋಟ್ ಮೇಲೆ ರಿಪೇರಿ

ಯಾವುದನ್ನ ಅಡ್ಜಸ್ಟ್ ಮಾಡಬಹುದು, ಯಾವುದನ್ನ ಮಾಡಬಾರದು? ಒಂದೇ ಮಾತಲ್ಲಿ ಹೇಳಿಬಿಡಿ.

ನಾನು ಕೇಳಿಕೊಳ್ಳುವುದು ಇಷ್ಟೇ: ಈ ರಿಪೇರಿ 15 ಮೀಟರ್ ಆಳದಲ್ಲಿ ಮತ್ತೆ ಕಿತ್ತುಹೋದರೆ ನನಗೆ ಏನು ಹೋಗುತ್ತದೆ? ಆರಾಮ ಹೋಗುತ್ತದೆ ಅಂದರೆ ಹಗ್ಗ ಕಟ್ಟಿ ಇಳಿಯುತ್ತೇನೆ. ಉಸಿರು ಹೋಗುತ್ತದೆ, ತೇಲುವುದು ಹೋಗುತ್ತದೆ, ಎಷ್ಟು ಆಳದಲ್ಲಿದ್ದೇನೆ ಅನ್ನುವ ಲೆಕ್ಕ ಹೋಗುತ್ತದೆ ಅಂದರೆ ಇಳಿಯುವುದಿಲ್ಲ. ಅಂಥ ಸಾಮಾನಿಗೆ ಬದಲಿ ಸಿಕ್ಕರೆ ಡೈವ್, ಇಲ್ಲವಾದರೆ ಬೋಟ್ ಮೇಲೆ ಕೂತು ಕಡ್ಲೆಕಾಯಿ.

ಫಿನ್ ಪಟ್ಟಿ ಕಿತ್ತೋಯ್ತು, ಸ್ಪೇರ್ ಇಲ್ಲ. ಏನಾದ್ರೂ ಮಾಡಕ್ಕಾಗುತ್ತಾ?

ಖಂಡಿತ ಆಗುತ್ತದೆ. ಸ್ಕೂಬಾ ಸಾಮಾನಿನಲ್ಲಿ ಕೈಚಳಕ ತೋರಿಸಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ನನಗೆ ಒಮ್ಮೆ ಹೀಗಾದಾಗ ಬೋಟ್‌ನ ಹುಡುಗ ಹಳೇ ಸೈಕಲ್ ಟ್ಯೂಬ್ ತಂದ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಎರಡೂ ಬಕಲ್ ಒಳಗೆ ತೂರಿಸಿ, ಮಡಚಿ, ಮೀನುಬಲೆಯ ನೈಲಾನ್ ದಾರದಿಂದ ಬಿಗಿದ. ಎರಡು ಡೈವ್ ಆರಾಮಾಗಿ ಮುಗಿದವು. ನಾನು ದುಡ್ಡು ಕೊಟ್ಟು ಕೊಂಡ ಪಟ್ಟಿಗಿಂತ ಅದೇ ಮೆತ್ತಗಿತ್ತು ಅಂತ ಹೇಳಿದರೆ ಕಂಪನಿಯವರಿಗೆ ಬೇಜಾರಾಗಬಹುದು.

ಟ್ಯೂಬ್ ಇಲ್ಲದಿದ್ದರೆ ನಾಲ್ಕೈದು ಮಿಲಿಮೀಟರ್ ದಪ್ಪದ ಹಗ್ಗ ಸಾಕು. ಹಿಮ್ಮಡಿಗೆ ತಾಗುವ ಕಡೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಉಪ್ಪುನೀರಲ್ಲಿ ಚರ್ಮ ಸುಲಿಯುತ್ತದೆ. ಕೇಬಲ್ ಟೈ ಹಾಕುವುದಾದರೆ ಎರಡನ್ನು ಸೇರಿಸಿ, ಬಾಲ ಹೊರಗೆ ಚುಚ್ಚದ ಹಾಗೆ ಕತ್ತರಿಸಿ. ಆಮೇಲೆ ಬೋಟ್‌ನ ಹಗ್ಗ ಹಿಡಿದು ನೀರಲ್ಲಿ ಐವತ್ತು ಸಲ ಜೋರಾಗಿ ಕಾಲು ಬಡಿಯಿರಿ. ಅಷ್ಟಕ್ಕೆ ಬಿಚ್ಚದಿದ್ದರೆ ಆಯಿತು. ಪ್ರವಾಹ ಜೋರಾಗಿರುವ ದಿನ ಮಾತ್ರ ಇದನ್ನೂ ನಂಬಬೇಡಿ. ಒಂದೇ ಫಿನ್‌ನಲ್ಲಿ ಪ್ರವಾಹದ ಎದುರು ಈಜಿ ನೋಡಿದವರಿಗೆ ಯಾಕೆ ಅಂತ ಗೊತ್ತು.

ಮಾಸ್ಕ್ ಕೆಟ್ಟಿದೆ, ನನ್ನ ಈಜುಕೊಳದ ಗಾಗಲ್ ಹಾಕ್ಕೊಂಡು ಹೋಗ್ಲಾ?

ಬೇಡ. ಆಳಕ್ಕೆ ಹೋದ ಹಾಗೆ ಒಳಗಿನ ಗಾಳಿ ಕುಗ್ಗುತ್ತದೆ. ಮಾಸ್ಕ್ ಆದರೆ ಮೂಗು ಒಳಗೇ ಇರುತ್ತದೆ, ಸ್ವಲ್ಪ ಊದಿ ಸರಿಮಾಡಬಹುದು. ಗಾಗಲ್‌ಗೆ ಊದುವ ದಾರಿಯೇ ಇಲ್ಲ. ಅದು ಕಣ್ಣನ್ನೇ ಹೀರಿ ಹಿಡಿಯುತ್ತದೆ, ರಕ್ತನಾಳ ಒಡೆದು ಕಣ್ಣು ಕೆಂಪಾಗುತ್ತದೆ. ಮಾಸ್ಕ್‌ನ ಪಟ್ಟಿ ಮಾತ್ರ ಹೋಗಿದ್ದರೆ ಅದೇ ಸೈಕಲ್ ಟ್ಯೂಬ್ ನಡೆಯುತ್ತದೆ. ಗಾಜು ಬಿರುಕು ಬಿಟ್ಟಿದ್ದರೆ ಅಥವಾ ಮುಖಕ್ಕೆ ಕೂರುವ ಸಿಲಿಕೋನ್ ಹರಿದಿದ್ದರೆ ಬೇರೆ ಮಾಸ್ಕ್ ಕೇಳಿ.

ಹೊಸ ಮಾಸ್ಕ್ ಮಂಜಾಗ್ತಾನೇ ಇದೆ. ಟೂತ್‌ಪೇಸ್ಟ್ ಉಜ್ಜೋದು ನಿಜಾನಾ?

ನಿಜ. ಹೊಸ ಗಾಜಿನ ಮೇಲೆ ಕಣ್ಣಿಗೆ ಕಾಣದ ಜಿಡ್ಡಿನ ಪದರ ಇರುತ್ತದೆ. ಜೆಲ್ ಅಲ್ಲದ ಬಿಳಿ ಪೇಸ್ಟ್ ತಗೊಂಡು ಒಳಗಡೆ ಬೆರಳಲ್ಲಿ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಇದನ್ನು ಮನೆಯಲ್ಲೇ ಮುಗಿಸಿಕೊಂಡು ಬನ್ನಿ. ಬೋಟ್ ಮೇಲೆ ಉಗುಳೇ ಸಾಕು, ಹಚ್ಚಿ ಒಮ್ಮೆ ಜಾಲಿಸಿ. ನೀರು ಹನಿಯಾಗಿ ಕೂರದೆ ತೆಳ್ಳಗೆ ಹರಡಿಕೊಳ್ಳುತ್ತದೆ. ಅಸಹ್ಯ ಅನಿಸುವವರು ಮಕ್ಕಳ ಶಾಂಪೂ ಎರಡು ತೊಟ್ಟು ಇಟ್ಟುಕೊಳ್ಳಲಿ. ಲೈಟರ್‌ನಿಂದ ಗಾಜು ಸುಡುವವರೂ ಇದ್ದಾರೆ. ನನಗೆ ಅದು ಹಿಡಿಸಲ್ಲ, ಅಂಚಿನ ಪ್ಲಾಸ್ಟಿಕ್ ಕರಗುತ್ತದೆ.

ಮೀಸೆ ಇರೋರಿಗೆ ಮಾಸ್ಕ್‌ಗೆ ನೀರು ಬರುತ್ತಂತೆ. ಬೋಳಿಸಲೇಬೇಕಾ?

ಬೇಡ ಮಾರಾಯರೇ. ಮೂಗಿನ ಕೆಳಗೆ, ಸಿಲಿಕೋನ್ ಕೂರುವ ಕಡೆ ಒಂದು ಸಣ್ಣ ಗೆರೆ ಬೋಳಿಸಿದರೆ ಸಾಕು. ಅದಕ್ಕೂ ಮನಸ್ಸಿಲ್ಲದಿದ್ದರೆ ಸ್ವಲ್ಪ ನೀರು ಬರುತ್ತದೆ, ಆಗಾಗ ಊದಿ ಹೊರಹಾಕುತ್ತಿರಿ.

ಟ್ಯಾಂಕ್ ಬಾಯಲ್ಲಿ ಬುಸ್ ಅಂತಿದೆ. ಇನ್ನೂ ಟೈಟ್ ಮಾಡ್ಲಾ?

ಟೈಟ್ ಮಾಡಿದರೆ ನಿಲ್ಲುವುದಿಲ್ಲ. ಅಲ್ಲಿ ಸೋರಿಕೆ ತಡೆಯುವುದು ಒಂದು ಸಣ್ಣ ರಬ್ಬರ್ ಬಳೆ, ಓ-ರಿಂಗ್. ಗಾಳಿಯ ಒತ್ತಡವೇ ಅದನ್ನು ಸಂದಿಗೆ ನೂಕಿ ಮುಚ್ಚಿಸುತ್ತದೆ. ನಿಮ್ಮ ಕೈ ಬಲಕ್ಕೆ ಅಲ್ಲಿ ಕೆಲಸ ಇಲ್ಲ. ಬಲ ಹಾಕಿದರೆ ಡೈವ್ ಮುಗಿದ ಮೇಲೆ ಬಿಚ್ಚಲಾಗದೆ ಪಾನಾ ಹುಡುಕಬೇಕಾಗುತ್ತದೆ.

ವಾಲ್ವ್ ಮುಚ್ಚಿ, ರೆಗ್ಯುಲೇಟರ್‌ನ ಗುಂಡಿ ಒತ್ತಿ ಒಳಗಿನ ಗಾಳಿ ಖಾಲಿ ಮಾಡಿ, ಆಮೇಲೆ ಬಿಚ್ಚಿ. ಓ-ರಿಂಗ್ ಚಪ್ಪಟೆಯಾಗಿದೆಯಾ, ಸೀಳಿದೆಯಾ, ಮರಳಿನ ಕಾಳು ಕೂತಿದೆಯಾ ನೋಡಿ. ಒಂದು ತಲೆಕೂದಲು ಅಡ್ಡ ಸಿಕ್ಕರೂ ಸಾಕು. ತೆಗೆಯಲು ಚಾಕು ಬಳಸಬೇಡಿ. ಲೋಹಕ್ಕೆ ಗೀರು ಬಿದ್ದರೆ ಆಮೇಲೆ ಹೊಸ ಓ-ರಿಂಗ್ ಹಾಕಿದರೂ ಸೋರುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಕಡ್ಡಿಯೋ ಹಿತ್ತಾಳೆ ಕೊಕ್ಕೆಯೋ ಇರಲಿ.

ಸ್ಪೇರ್ ಇಲ್ಲವಾ? ಬೋಟ್‌ನಲ್ಲಿ ಆಗಲೇ ಖಾಲಿಯಾದ ಟ್ಯಾಂಕ್ ಇರುತ್ತದಲ್ಲ, ಅದರದನ್ನು ಕಿತ್ತು ಇದಕ್ಕೆ ಹಾಕಿ. ಇದು ಶುದ್ಧ ಅಡ್ಜಸ್ಟ್‌ಮೆಂಟ್, ಆದರೂ ಪೂರ್ತಿ ಸರಿ, ಯಾಕಂದರೆ ಅಲ್ಲಿ ಇರಬೇಕಾದ ಸಾಮಾನೇ ಅಲ್ಲಿಗೆ ಬಂತು. ಬದಲಿಸಿದ ಮೇಲೂ ಬುಸ್ ಅಂದರೆ ತೊಂದರೆ ಬೇರೆ ಕಡೆ ಇದೆ, ಟ್ಯಾಂಕನ್ನೇ ಬದಲಿಸಿ. ಓ-ರಿಂಗ್ ಅಂದರೆ ಸಣ್ಣದು ಅಂತ ಉದಾಸೀನ ಮಾಡುವವರಿಗೆ ನಾನು 1986ರ ಜನವರಿ 28 ನೆನಪಿಸುತ್ತೇನೆ. ಚಳಿಗೆ ಪೆಡಸಾದ ಓ-ರಿಂಗ್‌ನಿಂದಲೇ ಚಾಲೆಂಜರ್ ನೌಕೆ ಸಿಡಿದು ಏಳು ಜನ ಹೋದರು. ನಮ್ಮದು ಅಷ್ಟು ದೊಡ್ಡದಲ್ಲ, ಬಳೆ ಮಾತ್ರ ಅದೇ ಜಾತಿಯದು.

ಓ-ರಿಂಗ್ ಒಣಗಿದೆ. ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಕರಾವಳಿಯಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ, ಇದಕ್ಕೆ ಮಾತ್ರ ಬೇಡ. ಗಾಳಿಯಲ್ಲಿ ಆಕ್ಸಿಜನ್ 21 ಶೇಕಡಾ. 200 ಬಾರ್‌ನಲ್ಲಿ ಅದರ ಪಾಲೇ 42 ಬಾರ್ ಆಗುತ್ತದೆ. ವಾಲ್ವ್ ಗಬಕ್ಕನೆ ತೆರೆದಾಗ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದಾಗ ತುದಿ ಬಿಸಿಯಾಗುತ್ತಲ್ಲ, ಅದೇ. ಅಲ್ಲಿ ಎಣ್ಣೆ ಇದ್ದರೆ ಹೊತ್ತಿಕೊಳ್ಳಬಹುದು. ವ್ಯಾಸಲೀನ್ ಕೂಡ ಬೇಡ, ಅದಕ್ಕೆ ಕೆಲವು ಬಗೆಯ ರಬ್ಬರ್ ಉಬ್ಬುತ್ತದೆ. ಟಾರ್ಚ್, ಕ್ಯಾಮೆರಾ ಡಬ್ಬಿಯ ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಬೆರಳಲ್ಲಿ ತೆಳ್ಳಗೆ ಸವರಿ. ಟ್ಯಾಂಕ್ ಬಾಯಿಯ ಓ-ರಿಂಗ್‌ಗೆ ಏನೂ ಬೇಡ, ಒಣಗಿದ್ದರೆ ಬಿಸಾಕಿ ಹೊಸದು ಹಾಕಿ.

ಹೋಸ್‌ನಲ್ಲಿ ಸಣ್ಣ ಸಣ್ಣ ಗುಳ್ಳೆ ಬರ್ತಿದೆ. ಟೇಪ್ ಸುತ್ತಿದ್ರೆ ನಡಿಯುತ್ತಾ?

ಯಾವ ಟೇಪೂ ಆ ಒತ್ತಡ ತಡೆಯುವುದಿಲ್ಲ. ಆದರೆ ಯಾವ ಹೋಸ್ ಅನ್ನುವುದು ಮುಖ್ಯ. ಗೇಜ್‌ಗೆ ಹೋಗುವುದರಲ್ಲಿ ಪೂರ್ತಿ 200 ಬಾರ್ ಇರುತ್ತದೆ. ಅದು ಒಡೆದರೆ ಸದ್ದು ಜೋರು. ಆದರೆ ಅದಕ್ಕೆ ಗಾಳಿ ಬರುವ ತೂತು ಸೂಜಿಮೊನೆಯಷ್ಟೇ, ಹಾಗಾಗಿ ಮೇಲೆ ಬರಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಬಾಯಿಗೆ, ಗಾಳಿ ತುಂಬಿ ತೇಲಿಸುವ ಜಾಕೆಟ್‌ಗೆ ಹೋಗುವ ಹೋಸ್‌ಗಳಲ್ಲಿ ಒತ್ತಡ ಕಡಿಮೆ, ದಾರಿ ಮಾತ್ರ ಅಗಲ. ಅದು ಒಡೆದರೆ ಒಂದೆರಡು ನಿಮಿಷದಲ್ಲಿ ಟ್ಯಾಂಕ್ ಖಾಲಿ. ಒತ್ತಡ ಕಡಿಮೆ ಇರುವ ಹೋಸೇ ಜಾಸ್ತಿ ಅಪಾಯ.

ಹೋಸ್ ಬದಲಿಸುವುದು ಬೋಟ್ ಮೇಲೆ ಐದು ನಿಮಿಷದ ಕೆಲಸ. ಎರಡು ಬಗೆಯ ಹೋಸ್‌ಗೂ ತಿರುಪಿನ ಅಳತೆ ಬೇರೆ ಬೇರೆ, ತಪ್ಪು ತೂತಿಗೆ ಹಾಕಿಬಿಡುತ್ತೇವೆ ಅನ್ನುವ ಭಯ ಬೇಡ. ನಾನೊಮ್ಮೆ ಗೇಜ್ ಬುಡದಲ್ಲಿ ಬರುತ್ತಿದ್ದ ಗುಳ್ಳೆ ನೋಡಿಯೂ ಸುಮ್ಮನೆ ಇಳಿದಿದ್ದೆ. ‘ಅದು ಮೊದಲಿಂದ ಹಂಗೇ’ ಅಂದಿದ್ದರು. 18 ಮೀಟರ್‌ನಲ್ಲಿ ಅದು ಧಾರೆಯಾಯಿತು. ಕಡಲೆಕಾಳಿಗಿಂತ ಸಣ್ಣ ಓ-ರಿಂಗ್. ಡೈವ್ ಶುರುವಾಗಿ ಒಂಬತ್ತು ನಿಮಿಷಕ್ಕೆ ಬೋಟ್ ಮೇಲಿದ್ದೆ.

ಮೌತ್‌ಪೀಸ್ ಸಡಿಲ ಆಗಿದೆ, ಕೇಬಲ್ ಟೈ ಹಾಕಿದ್ರೆ ಸಾಕಾ?

ಸಾಕು. ಕಂಪನಿಯಿಂದ ಬರುವಾಗಲೂ ಅಲ್ಲಿ ಕೇಬಲ್ ಟೈಯೇ ಇರುತ್ತದೆ. ಬಾಲವನ್ನು ನುಣ್ಣಗೆ ಕತ್ತರಿಸಿ, ಇಲ್ಲದಿದ್ದರೆ ತುಟಿ ಕೊಯ್ಯುತ್ತದೆ. ಹಲ್ಲಲ್ಲಿ ಕಚ್ಚುವ ತುಂಡು ಕಿತ್ತಿದ್ದರೆ ಕಿರಿಕಿರಿ ಅಷ್ಟೇ. ನಳಿಗೆಯೇ ಹರಿದಿದ್ದರೆ ಪ್ರತಿ ಉಸಿರಿಗೂ ನೀರು ಬರುತ್ತದೆ. ಆಗ ಹೊಸ ಮೌತ್‌ಪೀಸ್ ಬೇಕು.

ಟ್ಯಾಂಕ್ ಗಾಳಿಗೆ ಡೀಸೆಲ್ ವಾಸನೆ. ಸ್ವಲ್ಪ ಗಾಳಿ ಬಿಟ್ಟರೆ ಹೋಗುತ್ತಾ?

ಹೋಗುವುದಿಲ್ಲ. ಆ ಟ್ಯಾಂಕ್ ಪಕ್ಕಕ್ಕಿಡಿ, ಅದರ ಜೊತೆ ಒಂದೇ ಸಲ ತುಂಬಿದ ಉಳಿದ ಟ್ಯಾಂಕ್‌ಗಳನ್ನೂ. ಕಂಪ್ರೆಸರ್ ಗಾಳಿ ಎಳೆಯುವ ಪೈಪ್ ಎಂಜಿನ್ ಹೊಗೆಯ ಹತ್ತಿರ ಇದ್ದಿರಬೇಕು. ವಾಸನೆ ಬರುವ ಹೊಗೆಯ ಜೊತೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಆಳಕ್ಕೆ ಹೋದಷ್ಟೂ ಅದರ ಒತ್ತಡ ಏರುತ್ತದೆ. ತಲೆನೋವು, ವಾಕರಿಕೆ, ಆಮೇಲೆ ಪ್ರಜ್ಞೆಯೇ ತಪ್ಪಬಹುದು. ಇದಕ್ಕೆ ಬೋಟ್ ಮೇಲೆ ಮದ್ದಿಲ್ಲ.

ಎಂ-ಸೀಲ್, ಫೆವಿಕ್ವಿಕ್ ಯಾವುದಕ್ಕಾದ್ರೂ ಬರುತ್ತಾ?

ಟಾರ್ಚ್‌ನ ಹಿಡಿಕೆಗೆ ಬರುತ್ತದೆ. ವೆಟ್‌ಸೂಟ್ ಹರಿದರೆ ಚಪ್ಪಲಿ ಅಂಟಿಸುವ ರಬ್ಬರ್ ಗಮ್ಮೇ ಒಳ್ಳೆಯದು, ಎರಡೂ ಕಡೆ ಹಚ್ಚಿ, ಒಣಗಿಸಿ, ಒತ್ತಿ. ಗಾಳಿ ಹರಿಯುವ ಯಾವ ಭಾಗಕ್ಕೂ ಇವು ಬೇಡ.

ಬೆಲ್ಟ್‌ಗೆ ಸೀಸ ಕಡಿಮೆ ಬಿತ್ತು. ಜೇಬಿಗೆ ಕಲ್ಲು ಹಾಕ್ಕೊಳ್ಲಾ?

ಇದನ್ನು ಇಬ್ಬರು ಮೂವರು ಕೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮೈ ತೇಲದೆ ಮುಳುಗಲಿ ಅಂತ ಸೊಂಟದ ಬೆಲ್ಟ್‌ಗೆ ಸೀಸ ಕಟ್ಟುತ್ತೇವೆ. ಒಂದು ಕಿಲೋ ಸೀಸ ಸಮುದ್ರದಲ್ಲಿ ಸುಮಾರು 900 ಗ್ರಾಂ ಎಳೆಯುತ್ತದೆ. ಒಂದು ಕಿಲೋ ಕಲ್ಲು ಎಳೆಯುವುದು 600 ಗ್ರಾಂ ಆಸುಪಾಸು. ಹಾಗಾಗಿ ಜೇಬು ತುಂಬಾ ಕಲ್ಲು ಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆಪತ್ತಿನಲ್ಲಿ ಬೆಲ್ಟ್ ಆದರೆ ಒಂದೇ ಕೈಯಲ್ಲಿ ಎಳೆದು ಬಿಸಾಕಬಹುದು, ಜೇಬಿನ ಕಲ್ಲನ್ನು ಒಂದೊಂದಾಗಿ ತೆಗೆಯುತ್ತಾ ಕೂರಬೇಕು. ಮೀನುಗಾರರ ಬಲೆಯ ಸೀಸ ಸಿಕ್ಕರೆ ಬೆಲ್ಟ್‌ಗೇ ಪೋಣಿಸಿ. ಲೆಕ್ಕ ಹಾಕುವಾಗ ಡೈವ್‌ನ ಕೊನೆ ನೆನಪಿರಲಿ. ಟ್ಯಾಂಕ್ ಖಾಲಿಯಾಗುತ್ತಾ ಎರಡು ಕಿಲೋ ಮೇಲೆ ಹಗುರಾಗುತ್ತದೆ. ಮೊದಲು ಸರಿ ಅನಿಸಿದ ಸೀಸ, ಮೇಲೆ ಬರುವ ಮೊದಲು 5 ಮೀಟರ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲುವಾಗ ಸಾಲದೆ ಹೋಗಬಹುದು.

ಡಬ್ಬಿಯಲ್ಲಿ ಏನೇನು ಇಟ್ಕೋಬೇಕು?

ನನ್ನದು ಹಪ್ಪಳದ ಪ್ಲಾಸ್ಟಿಕ್ ಡಬ್ಬಿ. ಟ್ಯಾಂಕ್ ಬಾಯಿಯ ಓ-ರಿಂಗ್ ಹತ್ತು, ಒಂದು ಮೌತ್‌ಪೀಸ್, ಬೇರೆ ಬೇರೆ ಅಳತೆಯ ಕೇಬಲ್ ಟೈ, ಫಿನ್ ಮತ್ತು ಮಾಸ್ಕ್ ಪಟ್ಟಿ, ಅಲೆನ್ ಕೀ ಸೆಟ್, ಒಂದು ಸ್ಕ್ರೂ ಪಾನಾ, ಸಿಲಿಕೋನ್ ಗ್ರೀಸ್, ಪ್ಲಾಸ್ಟಿಕ್ ಕೊಕ್ಕೆ, ಮೂರು ಮೀಟರ್ ಹಗ್ಗ. ಈಗ ಸೈಕಲ್ ಟ್ಯೂಬ್ ಕೂಡ. ಸ್ಪೇರ್ ಮಾಸ್ಕ್ ಡಬ್ಬಿಯಲ್ಲಿ ಹಿಡಿಯುವುದಿಲ್ಲ, ಚೀಲದಲ್ಲಿ ಇರುತ್ತದೆ.

## ನೀರೊಳಗೆ ಇದ್ದಾಗ

ರೆಗ್ಯುಲೇಟರ್ ಇದ್ದಕ್ಕಿದ್ದಂಗೆ ಗಾಳಿ ಸುರಿಸೋಕೆ ಶುರು ಮಾಡಿದ್ರೆ?

ಆಪತ್ತಿಗೆ ಅಂತ ಪಕ್ಕದಲ್ಲಿ ನೇತಾಡುವ ಎರಡನೇ ರೆಗ್ಯುಲೇಟರ್ ಆದರೆ ಬಾಯಿ ಕೆಳಗೆ ಮಾಡಿ ತಿರುಗಿಸಿ, ಬೆರಳಿಂದ ಮುಚ್ಚಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಬಾಯಲ್ಲಿರುವುದೇ ಸುರಿಸುತ್ತಿದ್ದರೆ ತುಟಿ ಬಿಗಿದು ಹಿಡಿಯಬೇಡಿ. ಸಡಿಲ ಬಿಟ್ಟು, ಹೆಚ್ಚಿನ ಗಾಳಿ ಪಕ್ಕದಿಂದ ಹೋಗಲಿ, ಬೇಕಾದಷ್ಟು ಹೀರಿಕೊಳ್ಳಿ. ಹಾಗೇ ಜೊತೆಗಾರನ ಹತ್ತಿರ ಹೋಗಿ, ಅವನ ಎರಡನೇ ರೆಗ್ಯುಲೇಟರ್ ತಗೊಂಡು ಮೇಲೆ ಹೊರಡಿ. (ಡೈವರ್‌ಗಳು ಜೊತೆಗಾರನಿಗೆ ‘ಬಡ್ಡಿ’ ಅನ್ನುತ್ತಾರೆ. ಹೊಸಬರು ಸಾಲದ ಬಡ್ಡಿ ಅಂದುಕೊಳ್ಳುವುದರಿಂದ ನಾನು ಆ ಪದ ಬಿಟ್ಟಿದ್ದೇನೆ.) ಮುಂದುವರಿಸೋಣ ಅನ್ನುವ ಯೋಚನೆ ಬೇಡ, ಗೇಜ್ ಮುಳ್ಳು ಕಣ್ಣೆದುರೇ ಇಳಿಯುತ್ತಿರುತ್ತದೆ.

ಬಿಸಿಡಿ ಜಾಕೆಟ್ ತಾನಾಗೇ ಉಬ್ಬುತ್ತಾ ಹೋದ್ರೆ?

ಒಂದು ಕೈಯಲ್ಲಿ ಗಾಳಿ ಬಿಡುವ ವಾಲ್ವ್ ಎಳೆದು ಹಿಡಿಯಿರಿ, ಇನ್ನೊಂದರಲ್ಲಿ ಜಾಕೆಟ್‌ಗೆ ಬರುವ ಹೋಸ್‌ನ ಕಾಲರ್ ಹಿಂದಕ್ಕೆಳೆದು ಕಳಚಿ. ಇದು ಸೆಕೆಂಡುಗಳ ಆಟ. 10 ಮೀಟರ್‌ನಲ್ಲಿರುವ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ, ಏರಿದಷ್ಟೂ ಉಬ್ಬುತ್ತದೆ, ಉಬ್ಬಿದಷ್ಟೂ ಏರಿಸುತ್ತದೆ. ಕಳಚಿದ ಮೇಲೆ ಬೇಕಾದರೆ ಬಾಯಲ್ಲೇ ಊದಿಕೊಳ್ಳಬಹುದು. ದಡದಲ್ಲಿ ಕಣ್ಣು ಮುಚ್ಚಿಕೊಂಡು ಹತ್ತು ಸಲ ಕಳಚಿ ಹಾಕಿ ಅಭ್ಯಾಸ ಮಾಡಿ. ಜಾಕೆಟ್‌ಗೆ ಗಾಳಿ ತುಂಬುವ ಗುಂಡಿ ಸಿಕ್ಕಿಹಾಕಿಕೊಳ್ಳುವುದಕ್ಕೆ ಕಾರಣ ಹೆಚ್ಚಾಗಿ ಉಪ್ಪು ಮತ್ತು ಮರಳು. ಹೋದ ವಾರ ಸಿಹಿನೀರಲ್ಲಿ ತೊಳೆಯದವನ ಸೋಮಾರಿತನ ಈ ವಾರ ನಿಮ್ಮ ಪಾಲಿಗೆ.

ಜಾಕೆಟ್‌ನಲ್ಲಿ ಗಾಳಿನೇ ನಿಲ್ತಾ ಇಲ್ಲ, ಆಗ?

ಗಾಳಿ ಮೇಲ್ಮುಖ ಅಲ್ವಾ. ಹರಿದ ಕಡೆ ಕೆಳಗೆ ಬರುವ ಹಾಗೆ ಮೈ ತಿರುಗಿಸಿದರೆ ಸ್ವಲ್ಪ ಒಳಗೇ ಉಳಿಯುತ್ತದೆ. ಕಾಲು ಬಡಿಯುತ್ತಾ ಬೋಟ್‌ನ ಹಗ್ಗ ಹಿಡಿದು ಬನ್ನಿ. ಮೇಲೆ ತಲುಪಿದ ಕೂಡಲೇ ಸೀಸದ ಬೆಲ್ಟ್ ಬಿಸಾಕಿ, ಅದರ ಬೆಲೆ ಆಮೇಲೆ ನೋಡೋಣ.

ಗಾಳಿ ಬರ್ತಿಲ್ಲ, ಜೊತೆಗಾರ ಕಾಣ್ತಿಲ್ಲ. ಏನು ಗತಿ?

ಆಳ 9 ಮೀಟರ್ ಒಳಗಿದ್ದರೆ ಒಂದೇ ಉಸಿರಲ್ಲಿ ಮೇಲೆ ಬರುವ ವಿಧಾನವನ್ನು ಕೋರ್ಸ್‌ನಲ್ಲೇ ಕಲಿಸುತ್ತಾರೆ. ರೆಗ್ಯುಲೇಟರ್ ಬಾಯಲ್ಲೇ ಇರಲಿ, ‘ಆ…’ ಅಂತ ಸಣ್ಣಗೆ ದನಿ ಮಾಡುತ್ತಾ ಈಜಿ ಬನ್ನಿ. ಉಸಿರು ಕಟ್ಟಿಹಿಡಿದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯುತ್ತದೆ. ಇನ್ನೊಂದು ಸಮಾಧಾನ: ಮೇಲೇರಿ ನೀರಿನ ಒತ್ತಡ ಕಡಿಮೆಯಾದ ಹಾಗೆ, ಖಾಲಿ ಅನಿಸಿದ ಟ್ಯಾಂಕ್ ಇನ್ನೊಂದೆರಡು ಉಸಿರು ಕೊಡಬಹುದು. ಇದನ್ನು ಒಬ್ಬರೇ ಅಭ್ಯಾಸ ಮಾಡಲು ಹೋಗಬೇಡಿ.

## ಸ್ವಲ್ಪ ಅನುಭವ ಇದ್ದವರು ಕೇಳುವುದು

ಡೈವ್ ಕಂಪ್ಯೂಟರ್ ಮಧ್ಯದಲ್ಲೇ ಆಫ್ ಆಯ್ತು. ಫ್ರೆಂಡ್‌ದು ನೋಡ್ಕೊಂಡು ಮುಂದುವರಿಬಹುದಾ?

ಡೈವ್ ಕಂಪ್ಯೂಟರ್ ಅಂದರೆ ಆಳ, ಹೊತ್ತಿನ ಲೆಕ್ಕ ಇಡುವ, ಕೈಗೆ ಕಟ್ಟುವ ಸಾಮಾನು. ಮೇಲೆ ಬರುವವರೆಗೆ ಅವನದನ್ನು ನೋಡಿ, ಡೈವ್ ಮುಂದುವರಿಸಲು ಅಲ್ಲ. ಅವನ ಕಂಪ್ಯೂಟರ್ ಲೆಕ್ಕ ಇಟ್ಟಿರುವುದು ಅವನ ಮೈಯಲ್ಲಿ ಕರಗಿದ ನೈಟ್ರೋಜನ್‌ನದು. ಬೇಗ ಮೇಲೇರಿದರೆ ಅದು ಮೈಯೊಳಗೆ ಗುಳ್ಳೆಯಾಗುತ್ತದೆ. ಬೆಳಗ್ಗೆ ನೀವು ಇನ್ನೊಂದು ಡೈವ್ ಮಾಡಿದ್ದರೆ, ಅಥವಾ ಅವನಿಗಿಂತ ನಾಲ್ಕು ಮೀಟರ್ ಕೆಳಗೆ ಓಡಾಡಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ನಿಮಿಷಕ್ಕೆ 9 ಮೀಟರ್‌ಗಿಂತ ಜೋರಾಗಿ ಏರಬೇಡಿ. 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿ. ಅವನೂ ಪಕ್ಕದಲ್ಲಿ ಇಲ್ಲದಿದ್ದರೆ ನಿಮ್ಮದೇ ಉಸಿರಿನ ಸಣ್ಣ ಗುಳ್ಳೆಗಳನ್ನು ನೋಡಿ, ಅವುಗಳನ್ನು ಹಿಂದೆ ಹಾಕಬೇಡಿ. ಬೇರೆ ಕಂಪ್ಯೂಟರ್ ಸಿಕ್ಕಿತು ಅಂತ ಮಧ್ಯಾಹ್ನ ಅದನ್ನು ಕಟ್ಟಿಕೊಂಡು ಇಳಿಯಬೇಡಿ, ಅದಕ್ಕೆ ನಿಮ್ಮ ಬೆಳಗಿನ ಸುದ್ದಿ ಗೊತ್ತಿಲ್ಲ. ಒಂದು ಪೂರ್ತಿ ದಿನ ಬಿಡಿ.

ಅದೇ ದಿನ ಸಂಜೆ ಬೆಂಗಳೂರು ಬಸ್ ಹತ್ತಬಹುದಾ? ವಿಮಾನ ಅಲ್ವಲ್ಲ.

ವಿಮಾನ ಅಲ್ಲ, ಆದರೆ ಘಟ್ಟ ಹತ್ತಬೇಕು. ಎತ್ತರಕ್ಕೆ ಹೋದಾಗಲೂ ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಬೆಂಗಳೂರು ಇರುವುದೇ 900 ಮೀಟರ್ ಎತ್ತರದಲ್ಲಿ. ಡೈವರ್‌ಗಳ ಸುರಕ್ಷತೆ ನೋಡುವ ಡ್ಯಾನ್ ಸಂಸ್ಥೆಯ ಸಲಹೆ ಒಂದು ಡೈವ್‌ಗೆ 12 ಗಂಟೆ, ಹಲವು ಡೈವ್ ಮಾಡಿದ್ದರೆ 18 ಗಂಟೆ ಬಿಡುವು. ಅದು ಲೆಕ್ಕಕ್ಕೆ ಬರುವುದು ಸುಮಾರು 600 ಮೀಟರ್ ಎತ್ತರದಿಂದ. ಕಂಪ್ಯೂಟರ್ ಸತ್ತು ಲೆಕ್ಕವೇ ತಪ್ಪಿದ ದಿನವಂತೂ ರಾತ್ರಿ ದಡದಲ್ಲೇ ಉಳಿಯಿರಿ. ಮೀನೂಟ ಮಾಡಿ ಮಲಗಿ.

ನನ್ನ ರೆಗ್ಯುಲೇಟರ್ ಕೆಟ್ಟಿತು, ಜೊತೆಗಾರನ ಟ್ಯಾಂಕ್‌ನಿಂದಲೇ ಇಬ್ಬರೂ ಇನ್ನೊಂಚೂರು ಸುತ್ತಾಡಬಹುದಾ?

ಲೆಕ್ಕ ಹಾಕಿ ನೋಡೋಣ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 20 ಮೀಟರ್ ಆಳದಲ್ಲಿ 60 ಲೀಟರ್ ಬೇಕು. ಇಬ್ಬರಿಗೆ 120. ಅವನ ಹತ್ತಿರ 50 ಬಾರ್ ಉಳಿದಿದೆ ಅಂದುಕೊಳ್ಳಿ, ಅಂದರೆ 555 ಲೀಟರ್. ಸರಿಯಾದ ವೇಗದಲ್ಲಿ ಏರಿ, ಮೂರು ನಿಮಿಷ ನಿಂತು ಬರಲು ಇಬ್ಬರಿಗೂ ಸೇರಿ ಹತ್ತಿರ ಹತ್ತಿರ 360 ಲೀಟರ್ ಬೇಕು. ಅದೂ ಸಮಾಧಾನವಾಗಿ ಉಸಿರಾಡಿದರೆ. ಸುತ್ತಾಡಿದ ಎರಡು ನಿಮಿಷಕ್ಕೆ 240 ಹೋಯಿತು, ಆಗಲೇ ಸಾಲದು. ಗಾಬರಿಯಲ್ಲಿ ಉಸಿರು ದುಪ್ಪಟ್ಟಾದರೆ ಸುತ್ತಾಡದಿದ್ದರೂ ಸಾಲದು.

ಥಾಯ್ಲೆಂಡ್ ಗುಹೇಲಿ ಮಕ್ಕಳನ್ನ ಉಳಿಸಿದ್ದು ಜುಗಾಡ್‌ನಿಂದಲೇ ತಾನೇ? ಮತ್ತೆ ನಮಗ್ಯಾಕೆ ಬೇಡ?

2018ರ ಜುಲೈ 8ರಿಂದ 10ರವರೆಗೆ, ನೀರು ತುಂಬಿದ ಥಾಮ್ ಲುವಾಂಗ್ ಗುಹೆಯಲ್ಲಿ ಸಿಕ್ಕಿಬಿದ್ದಿದ್ದ 12 ಹುಡುಗರನ್ನೂ ಅವರ ಫುಟ್‌ಬಾಲ್ ಕೋಚ್‌ನನ್ನೂ ಹೊರತಂದರು. ಅಲ್ಲಿ ಸಾಮಾನನ್ನು ಹೊಂದಿಸಿಕೊಂಡಿದ್ದು ನಿಜ. ಟ್ಯಾಂಕನ್ನು ಹುಡುಗರ ಎದೆಮುಂದೆ ಎಲಾಸ್ಟಿಕ್ ಹಗ್ಗದಿಂದ ಕಟ್ಟಿದರು. ಪುಟ್ಟ ಮುಖಕ್ಕೆ ದೊಡ್ಡವರ ಪೂರ್ಣಮುಖದ ಮಾಸ್ಕ್ ಬಿಗಿದರು. ಆದರೆ ಆ ಮಾಸ್ಕ್‌ನ ಒಳಗೆ ಗಾಳಿಯ ಒತ್ತಡ ಹೊರಗಿಗಿಂತ ಒಂಚೂರು ಜಾಸ್ತಿ ಇರುತ್ತದೆ. ಅಂಚಿನಲ್ಲಿ ಸಂದು ಉಳಿದರೂ ಗಾಳಿ ಹೊರಹೋಗುತ್ತದೆ, ನೀರು ಒಳಬರುವುದು ಕಷ್ಟ. ಅದನ್ನೂ ನೇರ ಗುಹೆಗೆ ಒಯ್ಯಲಿಲ್ಲ. ಅದೇ ಅಳತೆಯ ಊರಿನ ಮಕ್ಕಳನ್ನು ಈಜುಕೊಳದಲ್ಲಿಟ್ಟು ಮೊದಲು ಅಭ್ಯಾಸ ಮಾಡಿದರು. ಇಳಿದವರು ಲೋಕದ ಅತಿ ಅನುಭವಿ ಗುಹೆ ಡೈವರ್‌ಗಳು. ಆದರೂ ಅದಕ್ಕೆ ಮೊದಲೇ, ಜುಲೈ 6ರಂದು, ಗುಹೆಯೊಳಗೆ ಟ್ಯಾಂಕ್ ಇಟ್ಟು ಬರಲು ಹೋದ ಥಾಯ್ ನೌಕಾಪಡೆಯ ಮಾಜಿ ಡೈವರ್ ಸಮನ್ ಕುನಾನ್ ತೀರಿಕೊಂಡಿದ್ದರು. ಆ ಡೈವರ್‌ಗಳಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ, ನಾಳೆ ಬೆಳಗ್ಗೆ ಮತ್ತೆ ಬೋಟ್ ಹೊರಡುತ್ತದೆ.

ಗೈಡ್ ‘ಏನಾಗಲ್ಲ, ಇಳೀರಿ’ ಅಂತಾರೆ, ದುಡ್ಡೂ ಕೊಟ್ಟಾಗಿದೆ. ಬೇಡ ಅನ್ನೋಕೆ ಸಂಕೋಚ.

ಗೊತ್ತು. ಹತ್ತು ಜನ ಸೂಟ್ ಹಾಕಿಕೊಂಡು ಕಾಯುತ್ತಿರುವಾಗ ‘ಈ ಹೋಸ್ ನಂಗೆ ಸರಿ ಕಾಣ್ತಿಲ್ಲ’ ಅನ್ನಲು ಧೈರ್ಯ ಬೇಕು. ಡೈವಿಂಗ್‌ನಲ್ಲಿ ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು. ನೀರೊಳಗೆ ಹೆಬ್ಬೆರಳು ಮೇಲೆತ್ತಿದರೆ ಮೇಲೆ ಹೋಗೋಣ ಅಂತಲೇ ಅರ್ಥ, ಅದಕ್ಕೆ ಚರ್ಚೆ ಇಲ್ಲ. ಬೋಟ್ ಮೇಲೆ ಮೊದಲು ಬೇರೆ ಸೆಟ್ ಕೇಳಿ, ಹೆಚ್ಚಿನವರು ಗೊಣಗಿದರೂ ಕೊಡುತ್ತಾರೆ. ಕೊಡದಿದ್ದರೆ, ವಾದ ಮಾಡಲು ನಿಮ್ಮಿಂದ ಆಗದಿದ್ದರೆ, ‘ಕಿವಿ ಬಿಡ್ತಾ ಇಲ್ಲ’ (ಕಿವಿಯೊಳಗಿನ ಒತ್ತಡ ಸರಿಹೋಗ್ತಿಲ್ಲ) ಅಂದುಬಿಡಿ. ಕಿವಿ ಬಿಡದವನನ್ನು ಯಾವ ಗೈಡೂ ನೀರಿಗೆ ಇಳಿಸುವುದಿಲ್ಲ. ನಾನೂ ಎರಡು ಸಲ ಅಂದಿದ್ದೇನೆ. ಕಿವಿ ಚೆನ್ನಾಗೇ ಇತ್ತು.